ನಮ್ಮ ಮನಿಯವರ ಬೆನ್ನುನೋವು

ಗಾದಿ ಅಂಗಡಿಗೆ ಬಂದವರನ್ನು ಎಷ್ಟರೊಳಗಿನದು ಬೇಕು ಎಂದು ಕೇಳಬಾರದು. ಬೆಳಗಾವಿಯ ಈ ಅಂಗಡಿಗೆ ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಮಾಲಕರು ಹೇಳಿಕೊಟ್ಟ ಪಾಠ ಇದು. ಹಾಗೆ ಕೇಳಿದರೆ ಇದ್ದವರು ಸಿಟ್ಟಾಗುತ್ತಾರೆ, ಇಲ್ಲದವರು ನಾಚಿಕೊಳ್ಳುತ್ತಾರೆ, ಇಬ್ಬರೂ ಎದ್ದು ಹೋಗುತ್ತಾರೆ. "ಮಂಚ ಎಷ್ಟ ಅಗಲ ಐತ್ರಿ ಅಂತ ಕೇಳ್ರಿ ಅಕ್ಕಾರ. ಉಳದದ್ದೆಲ್ಲಾ ಅವರ ಹೇಳ್ತಾರ," ಎಂದಿದ್ದರು.

ಮಾತು ಸುಳ್ಳಾಗಲಿಲ್ಲ. ಅಡಿ ಇಂಚು ಸಮೇತ ಥಟ್ಟನೆ ಹೇಳಿದವರು ಮನೆಯಲ್ಲಿ ಅಳೆದೇ ಬಂದಿರುತ್ತಾರೆ, ಇವತ್ತೇ ಒಯ್ಯುತ್ತಾರೆ. ಎರಡೂ ಕೈ ಚಾಚಿ "ಇಷ್ಟ ಇರಬೇಕ್ರಿ" ಎಂದವರು ಇನ್ನೂ ಮನಸ್ಸಿನಲ್ಲೇ ಮಲಗಿರುತ್ತಾರೆ. ಹೆಂಡತಿಯ ಮುಖ ನೋಡುವ ಗಂಡಸಿಗೆ ಗಾದಿ ತೋರಿಸಿ ಉಪಯೋಗವಿಲ್ಲ, ಹೆಂಡತಿಯನ್ನು ಕೂರಿಸಿ ನೀರು ಕೊಡಬೇಕು. "ಮಂಚ ಇನ್ನೂ ತೊಗೊಂಡಿಲ್ರಿ" ಎಂದರೆ ಅದು ಮದುವೆ ಮನೆ. ಆಗ ಗುಂಪಿನಲ್ಲಿ ಅಜ್ಜಿ ಎಲ್ಲಿದ್ದಾಳೆ ಎಂದು ಹುಡುಕಬೇಕು, ಕೊನೆಗೆ ಹೂಂ ಎನ್ನುವವಳು ಅವಳೇ.

ಭಾಷೆಯ ಮೇಲೂ ಕಣ್ಣಿಡಬೇಕು. ನಮ್ಮೂರಿನ ಗಿರಾಕಿಗಳು ಅಂಗಡಿಯವರ ಜೊತೆ ಕನ್ನಡ ಮಾತಾಡಿ ತಮ್ಮತಮ್ಮಲ್ಲಿ ಮರಾಠಿಗೆ ಇಳಿಯುತ್ತಾರೆ, ಇಲ್ಲವೇ ಮರಾಠಿ ಮಾತಾಡಿ ಕನ್ನಡಕ್ಕೆ ಇಳಿಯುತ್ತಾರೆ. ಎದುರಿಗೆ ನಿಂತವಳಿಗೆ ಎರಡೂ ಬರುತ್ತವೆ ಎಂದು ಗೊತ್ತಿದ್ದೂ ಹಾಗೆ ಮಾಡುತ್ತಾರೆ. ಆಗ ನಾನು ಗಾದಿಯ ಅಂಚಿನ ಹೊಲಿಗೆ ನೋಡುತ್ತ ಕಿವುಡಿಯಾಗುತ್ತೇನೆ. ಹೊರಡುವಾಗ ಮಾತ್ರ ಎರಡೂ ಭಾಷೆಯವರು ಹೇಳುವ ಸುಳ್ಳು ಒಂದೇ. ಕನ್ನಡದವರು "ಬರ್ತೇವ್ರಿ" ಅನ್ನುತ್ತಾರೆ, ಮರಾಠಿಯವರು "ಯೇತೋ" ಅನ್ನುತ್ತಾರೆ. ಹೋಗುತ್ತೇನೆ ಎಂದರೆ ಅಪಶಕುನವೆಂದು ಎರಡೂ ಕಡೆಯ ಹಿರಿಯರು ಬರುತ್ತೇನೆ ಎನ್ನಲು ಕಲಿಸಿಬಿಟ್ಟಿದ್ದಾರೆ. ಯಾವುದು ಬರುವ ಬರ್ತೇನಿ, ಯಾವುದು ಹೋಗುವ ಬರ್ತೇನಿ ಎಂದು ತಿಳಿಯುವುದೇ ನನ್ನ ಅರ್ಧ ಕೆಲಸ. ಗಾದಿಯ ಮೇಲೆ ಇನ್ನೂ ಒಂದು ಕೈ ಇಟ್ಟುಕೊಂಡು ಹೇಳಿದರೆ ಬರುತ್ತಾರೆ. ಚಪ್ಪಲಿ ಹುಡುಕುತ್ತ ಹೇಳಿದರೆ ಬರುವುದಿಲ್ಲ.

ಈ ವಿದ್ಯೆ ನನಗೆ ಅಂಗಡಿಗಿಂತ ಮೊದಲೇ ಬಂದಿತ್ತು. ಅದಕ್ಕೂ ಮುಂಚೆ ಎಷ್ಟೋ ವರ್ಷ ನಾನೇ ಮಾಲಾಗಿ ಕೂತಿದ್ದೆ. ಖಾನಾಪುರದಲ್ಲಿರುವ ಮೌಶಿ, ಎಂದರೆ ಅವ್ವನ ತಂಗಿ, ತಿಂಗಳಿಗೊಬ್ಬ ವರನ ಕಡೆಯವರನ್ನು ಹುಡುಕಿ ಕಳಿಸುತ್ತಿದ್ದಳು. ನಾನು ಉಪ್ಪಿಟ್ಟಿನ ತಾಟು ಹಿಡಿದು ಬಾಗಿಲಲ್ಲಿ ತಲೆ ಬಗ್ಗಿಸಿ ಬರುತ್ತಿದ್ದೆ. ಹುಡುಗನ ತಾಯಿಯ ಕಣ್ಣು ನನ್ನ ಪಾದದಿಂದ ಹೊರಟು ನೆತ್ತಿಗೆ ಹೋಗಿ ಅಲ್ಲೇ ನಿಂತುಬಿಡುತ್ತಿತ್ತು. ತಲೆ ಬಗ್ಗಿಸುತ್ತಿದ್ದುದು ನಾಚಿಕೆಗಲ್ಲ, ಬಾಗಿಲು ತಾಕುತ್ತಿತ್ತು. ನಾನು ಅಷ್ಟು ಎತ್ತರ. ಬೇಡವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. "ಉಪ್ಪಿಟ್ಟು ಭಾಳ ಛಲೋ ಆಗೇತ್ರಿ," ಎಂದರು. ಉಪ್ಪಿಟ್ಟು ಹೊಗಳಿದವರು ಮತ್ತೆ ಬರುವುದಿಲ್ಲ ಎಂಬುದು ಮೂರನೆಯ ಸಲಕ್ಕೇ ನನಗೆ ತಿಳಿಯಿತು, ಅವ್ವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮೂವತ್ತೈದು ತುಂಬಿದ ವರ್ಷ ನಾನೇ ಕೈ ಮುಗಿದೆ. ಇನ್ನು ಮೇಲೆ ಯಾರಿಗಾದರೂ ಉಪ್ಪಿಟ್ಟು ಬೇಕಾದರೆ ಹೋಟೆಲಿಗೆ ಹೋಗಲಿ ಎಂದೆ. ಅವ್ವ ಎರಡು ದಿನ ಊಟ ಬಿಟ್ಟಳು. ಮೌಶಿ ಆರು ತಿಂಗಳು ಮಾತು ಬಿಟ್ಟಳು.

ಆಮೇಲೆ ನಾನು, ಅವ್ವ, ಹಿಂಡಲಗಾದ ಎರಡು ಕೋಣೆಯ ಬಾಡಿಗೆ ಮನೆ. ಹಿಂಡಲಗಾ ಎಂದರೆ ಬೆಳಗಾವಿಯವರಿಗೆ ಮೊದಲು ನೆನಪಾಗುವುದು ಜೈಲು. ಎಲ್ಲಿರುತ್ತೀರಿ ಎಂದು ಗಿರಾಕಿಗಳು ಕೇಳಿದರೆ, "ಹಿಂಡಲಗಾದಾಗ ಇರ್ತೇನ್ರಿ, ಆದ್ರ ಗ್ವಾಡಿ ಹೊರಗ," ಎನ್ನುತ್ತೇನೆ. ಅವರು ನಗುತ್ತಾರೆ. ನಕ್ಕ ಗಿರಾಕಿ ಅರ್ಧ ನಮ್ಮವನಾದ ಹಾಗೆ.

ಅವ್ವನಿಗೆ ಬೆನ್ನುನೋವು ಇತ್ತು. ಅಂಗಡಿಯಿಂದಲೇ ತೆಂಗಿನ ನಾರಿನ ಗಟ್ಟಿ ಗಾದಿಯೊಂದನ್ನು ಒಯ್ದು ಹಾಕಿದೆ, ತಿಂಗಳೊಪ್ಪತ್ತಿನಲ್ಲಿ ನೋವು ಇಳಿಯಿತು. ಗಾದಿ ಮಾರುವವಳಿಗೆ ಎಲ್ಲ ಗಿರಾಕಿಗಳೂ ಕೇಳುವ ಪ್ರಶ್ನೆ ಒಂದಿದೆ: "ನಿಮ್ಮ ಮನ್ಯಾಗ ಯಾವುದ ಐತ್ರಿ?" ಅದಕ್ಕೆ ನಾನು ಹೇಳತೊಡಗಿದೆ: "ನಮ್ಮಲ್ಲೂ ಇದ ಐತ್ರಿ. ನಮ್ಮ ಮನಿಯವರಿಗೆ ಬೆನ್ನ ಭಾಳ ನೋಯತಿತ್ತು. ಇದನ್ನ ಹಾಕಿದ ಮ್ಯಾಲ ಆರಾಮ ಆತು."

ಮನಿಯವರು ಎಂದರೆ ನಮ್ಮ ಕಡೆ ಗಂಡ. ಗಂಡನ ಹೆಸರು ಹೇಳಬಾರದೆಂದು ಹೆಂಗಸರು ಮಾಡಿಕೊಂಡ ಮಾತು. ಆದರೆ ಅಕ್ಷರಕ್ಕೆ ಅಕ್ಷರ ಹಿಡಿದರೆ ಮನೆಯಲ್ಲಿರುವವರು, ಅಷ್ಟೇ. ನಮ್ಮ ಮನೆಯಲ್ಲಿದ್ದವಳು ಅವ್ವ. ಸುಳ್ಳು ಹೇಳಲಿಲ್ಲ, ಕೇಳಿದವರು ಗಂಡ ಎಂದುಕೊಂಡರೆ ಅದು ಅವರ ಕಿವಿ. ತಾಯಿಯ ಬೆನ್ನು ಎಂದರೆ "ವಯಸ್ಸಾದವರಿಗೆ ಇರೂದ" ಎಂದು ಮುಂದೆ ಹೋಗುತ್ತಿದ್ದ ಹೆಂಗಸರು, ಗಂಡನ ಬೆನ್ನು ಎಂದ ಕೂಡಲೇ ಹತ್ತಿರ ಬಂದು ಕೂರುತ್ತಿದ್ದರು. ನಲವತ್ತು ದಾಟಿದ ಹೆಂಗಸಿಗೆ ಗಂಡನಿದ್ದಾನೆ ಎಂದರೆ ಅವಳ ಮಾತಿಗೂ ಒಂದು ತೂಕ ಬರುತ್ತದೆ. ಮಾಲಕರಿಗೆ ಒಳಗಿನ ಸಂಗತಿ ಗೊತ್ತಿತ್ತು. "ಅಕ್ಕಾರ, ನಿಮ್ಮ ಮನಿಯವರ ಬೆನ್ನಿನ ಮ್ಯಾಲ ನಮ್ಮ ಅಂಗಡಿ ನಿಂತೈತಿ ನೋಡ್ರಿ," ಎಂದು ಚೇಷ್ಟೆ ಮಾಡುತ್ತಿದ್ದರು. ಸಂಜೆ ಮನೆಗೆ ಹೋಗಿ ಅವ್ವನಿಗೆ ಹೇಳಿದರೆ ಅವಳೂ ನಗುತ್ತಿದ್ದಳು. "ನಿನಗ ಗಂಡ ಸಿಗಲಿಲ್ಲ, ನನ್ನನ್ನ ಗಂಡನ್ನ ಮಾಡಿದಿ," ಎನ್ನುತ್ತಿದ್ದಳು.

ಅವ್ವ ಹೋದಳು. ಅವಳ ಗಾದಿಯನ್ನು ಬೇರೆಯವರಿಗೆ ಕೊಟ್ಟುಬಿಟ್ಟೆ. ನಾನು ಮೊದಲಿನಿಂದಲೂ ಮಲಗುವುದು ಹಳೆಯ ಹತ್ತಿ ಗಾದಿಯ ಮೇಲೆ. ಮಂಚ ಗಿಡ್ಡ, ಪಾದ ಎರಡೂ ಹೊರಗೆ ಇರುತ್ತವೆ. ಮಾರುವವರ ಮನೆಯಲ್ಲಿ ಮಾಲು ಇರುವುದಿಲ್ಲ ಎನ್ನುವುದು ಎಲ್ಲ ಕಸುಬಿಗೂ ಸಲ್ಲುವ ಮಾತು. ವಾರದ ರಜೆಯ ದಿನ ಬಾಗಿಲು ತೆರೆಯುವ ಕಾರಣವೇ ಇರುವುದಿಲ್ಲ. ಮರುದಿನ ಬೆಳಿಗ್ಗೆ ಮೊದಲ ಗಿರಾಕಿಗೆ "ಬರ್ರಿ" ಅನ್ನಲು ಹೋದರೆ ದನಿ ಹೊರಡುವುದಿಲ್ಲ, ಕೆಮ್ಮಿ ಸರಿಮಾಡಿಕೊಳ್ಳಬೇಕು. ಹಿಂದಿನ ಇಡೀ ದಿನ ಒಂದು ಮಾತೂ ಆಡಿರುವುದಿಲ್ಲವಲ್ಲ. ಆದರೂ ಅಂಗಡಿಯಲ್ಲಿ ನಮ್ಮ ಮನಿಯವರ ಬೆನ್ನು ವಾಸಿಯಾಗುತ್ತಲೇ ಇತ್ತು. ಈಗ ಅದು ಅಕ್ಷರಕ್ಕೆ ಅಕ್ಷರವೂ ಸುಳ್ಳಾಗಿತ್ತು. ಬಿಡಲು ಆಗಲಿಲ್ಲ. ಆ ಮಾತು ಹೇಳುವಾಗ ಮನೆಯಲ್ಲಿ ಯಾರೋ ಇದ್ದಾರೆ ಎಂದು ನನಗೇ ಅನ್ನಿಸುತ್ತಿತ್ತು.

ಅವ್ವ ಹೋಗಿ ವರ್ಷವಾದ ಮೇಲೆ ಒಂದು ಮಧ್ಯಾಹ್ನ, ಅಂಗಡಿ ಖಾಲಿಯಿದ್ದಾಗ, ಐವತ್ತರ ಆಸುಪಾಸಿನ ಗಂಡಸೊಬ್ಬರು ಬಂದರು. ಗಾದಿ ಕೊಳ್ಳಲು ಗಂಡಸು ಒಬ್ಬನೇ ಬರುವುದು ಅಪರೂಪ. ಕುಳ್ಳಗಿದ್ದರು, ನನ್ನ ಭುಜಕ್ಕೆ ಬರುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿಯಲ್ಲಿ ಬಿಳಿ ಪುಡಿ. ಸೀಮೆಸುಣ್ಣ, ಶಾಲೆಯ ಮಾಸ್ತರು ಎಂದು ಮನಸ್ಸಿನಲ್ಲೇ ಬರೆದುಕೊಂಡೆ. ಮಾಸ್ತರರು ಬಹಳ ಕೇಳುತ್ತಾರೆ, ತಡವಾಗಿ ಕೊಳ್ಳುತ್ತಾರೆ.

"ಬರ್ರಿ, ಕುಂದರ್ರಿ. ಯಾವ ಊರ್ರಿ?"

"ಖಾನಾಪುರ್ರಿ."

"ಮಂಚ ಎಷ್ಟ ಅಗಲ ಐತ್ರಿ?"

ಅವರು ನನ್ನನ್ನು ನೋಡಿದರು, ಗಾದಿಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. "ಅದನ್ನ ಅಳದಿಲ್ರಿ ನಾ," ಎಂದರು.

ಅಗಲ ಗೊತ್ತಿಲ್ಲ, ಉದ್ದ ಗೊತ್ತಿಲ್ಲ, ನಾರಿನದೋ ಫೋಮಿನದೋ ಎಂಬುದೂ ಗೊತ್ತಿಲ್ಲ. ಆದರೆ ನಾನು ಹೇಳಿದ್ದನ್ನೆಲ್ಲ ತಲೆಯೆತ್ತಿ ಕೇಳಿದರು. ಎಲ್ಲಿರುತ್ತೀರಿ ಎಂದು ಕೇಳಿದಾಗ ಜೈಲಿನ ಚೇಷ್ಟೆ ಹೇಳಿದೆ. ಅವರು ನಗಲಿಲ್ಲ. "ದಿನಾ ಬಸ್ಸಿನ್ಯಾಗ ಹೋಗಿ ಬರೂದು ತ್ರಾಸ ಆಗೂದಿಲ್ಲೇನ್ರಿ?" ಎಂದರು. ಹೊತ್ತು ಕಳೆಯಲು ಬಂದವರು ಹೀಗೆ ಅಡ್ಡ ಮಾತು ತೆಗೆಯುತ್ತಾರೆ. ಕೊನೆಗೆ "ಅಳತಿ ತೊಗೊಂಡ ಬರ್ತೇನ್ರಿ," ಎಂದರು. ಅವರ ಕೈ ಗಾದಿಯ ಮೇಲಿರಲಿಲ್ಲ, ಕಣ್ಣು ಚಪ್ಪಲಿಯ ಕಡೆಗೂ ಇರಲಿಲ್ಲ. ನನ್ನ ಕಡೆ ಇತ್ತು. ನನ್ನ ನಿಯಮದಲ್ಲಿ ಅದಕ್ಕೆ ಜಾಗವಿರಲಿಲ್ಲವಾದ್ದರಿಂದ ಬಾರದವರ ಲೆಕ್ಕಕ್ಕೆ ಹಾಕಿದೆ. ಮಾಲಕರು ಮಾತ್ರ ಬರುತ್ತಾರೆ ಎಂದರು. ಒಂದು ಚಹಾಕ್ಕೆ ಪಂಥ ಕಟ್ಟಿದೆವು.

ಎಂಟು ದಿನಕ್ಕೆ ಅವರು ಬಂದೇಬಿಟ್ಟರು. ಮಾಲಕರು ನನ್ನ ಕಡೆ ನೋಡಿ ಚಹಾ ಹೀರುವ ಹಾಗೆ ತುಟಿ ಮಾಡಿದರು. ಗಿರಾಕಿಯ ಜೇಬಿನಿಂದ ಬಂದದ್ದು ಚೀಲದ ಬಾಯಿ ಹೊಲಿಯುವ ಸುತಳಿ, ಅದರಲ್ಲಿ ಎರಡು ಗಂಟು. ಮೊದಲ ಗಂಟಿನವರೆಗೆ ಅಗಲ, ಎರಡನೆಯ ಗಂಟಿನವರೆಗೆ ಉದ್ದ ಎಂದರು. ಟೇಪು ಹಿಡಿದು ನೋಡಿದೆ. ಅಗಲ ಐದು ಅಡಿ, ಇಬ್ಬರಿಗಾಗುವಷ್ಟು. ಉದ್ದ ನೋಡುವಾಗ ಅವರೂ ಬಗ್ಗಿ "ಸಾಡೇ ಸಹಾ" ಎಂದು ಮರಾಠಿಯಲ್ಲಿ ಗೊಣಗಿದರು. ಆರೂವರೆ ಅಡಿ.

"ಇಷ್ಟ ಉದ್ದಂದು ತಯಾರ ಬರೂದಿಲ್ರಿ. ಆರಡಿ, ಭಾಳ ಅಂದ್ರ ಆರೂಕಾಲು."

"ಮಾಡಸಾಕ ಬರತೈತೇನ್ರಿ?"

"ಬರತೈತ್ರಿ. ಆದ್ರ ನಿಮಗ್ಯಾಕ ಅಷ್ಟ ಉದ್ದ? ನಿಮ್ಮ ಕಾಲ ಬುಡಕ ಇನ್ನೊಬ್ರು ಮಲಗಬೌದು."

ಅವರು ಮೊದಲ ಸಲ ನಕ್ಕರು. "ನನ್ನ ಸಲುವಾಗಿ ಅಲ್ರಿ," ಎಂದರು.

ಇಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಈ ಕಸುಬಿಗೆ ನಿನ್ನೆ ಬಂದವಳೂ ಬಲ್ಲಳು. ಹಂಗಾದ್ರ ಯಾರ ಸಲುವಾಗ್ರಿ? ಐದು ಸೆಕೆಂಡಿನ ಪ್ರಶ್ನೆ. ನಾನು ಕೇಳಲಿಲ್ಲ. ಅಷ್ಟರಲ್ಲಿ ಮದುವೆ ಮನೆಯವರು ಎಂಟು ಜನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು, ನನ್ನ ಕಣ್ಣು ಆಗಲೇ ಅವರ ಅಜ್ಜಿಯನ್ನು ಹುಡುಕುತ್ತಿತ್ತು. ಒಬ್ಬನೇ ಗಂಡಸು, ಕುಳ್ಳ, ಇಬ್ಬರ ಗಾದಿ, ಆರೂವರೆ ಅಡಿ. ತನಗೆ ಏನು ಬೇಕು ಎಂದು ತನಗೇ ಗೊತ್ತಿಲ್ಲದ ಗಿರಾಕಿ ಎಂದು ತೀರ್ಮಾನಿಸಿಬಿಟ್ಟಿದ್ದೆ. ಅವರು ಸುತಳಿಯನ್ನು ಬೆರಳಿಗೆ ಸುತ್ತುತ್ತ, ಮೆಲ್ಲಗೆ, "ನಿಮ್ಮ ಮನ್ಯಾಗ ಯಾವುದ ಐತ್ರಿ?" ಎಂದು ಕೇಳಿದರು.

"ನಮ್ಮಲ್ಲೂ ಇದ ನಾರಿಂದ ಐತ್ರಿ. ನಮ್ಮ ಮನಿಯವರಿಗೆ ಬೆನ್ನ ಭಾಳ ನೋಯತಿತ್ತು. ಇದನ್ನ ಹಾಕಿದ ಮ್ಯಾಲ ಆರಾಮ ಆತು."

ಸುತ್ತುವ ಬೆರಳು ನಿಂತಿತು. "ಹೌದೇನ್ರಿ," ಎಂದರು. ಸುತಳಿಯನ್ನು ಜೇಬಿಗೆ ಹಾಕಿಕೊಂಡು, "ಛಲೋ ಆತ್ರಿ. ಬರ್ತೇನ್ರಿ," ಎಂದರು. ಚಪ್ಪಲಿ ಹುಡುಕುತ್ತಿದ್ದರು. ಆ ಬರ್ತೇನಿ ಯಾವುದು ಎಂಬುದನ್ನು ಮಾತ್ರ ನಾನು ಸರಿಯಾಗಿಯೇ ಓದಿದೆ. ಮದುವೆ ಮನೆಯವರು ಎರಡು ಗಾದಿ ಒಯ್ದರು.

ಮುಂದಿನ ವರ್ಷ ಮೌಶಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ರಜೆಯ ದಿನ ನೋಡಲು ಖಾನಾಪುರಕ್ಕೆ ಹೋದೆ. ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ನನ್ನ ಮುಖ ಸರಿಯಾಗಿ ಕಾಣುತ್ತಿರಲಿಲ್ಲವೆಂದೋ ಏನೋ ಅವಳಿಗೆ ಧೈರ್ಯ ಬಂತು.

"ಸಿಟ್ಟ ಇನ್ನೂ ಐತೇನ ಯವ್ವಾ ನನ್ನ ಮ್ಯಾಲ?"

"ಯಾತರ ಸಿಟ್ಟು?"

"ಅದ, ಹೋದ ವರ್ಷ ಗಿರಣಿಯವನ್ನ ನಿನ್ನ ಅಂಗಡಿಗಿ ಕಳಿಸಿದ್ನೆಲ್ಲಾ."

ನನಗೆ ಯಾವ ಗಿರಣಿಯವನೂ ನೆನಪಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅವಳ ಓಣಿಯ ತುದಿಯಲ್ಲಿ ಹಿಟ್ಟಿನ ಗಿರಣಿ ಇದೆ. ಅದರ ಮಾಲಕನ ಹೆಂಡತಿ ತೀರಿ ಆರು ವರ್ಷ, ಒಬ್ಬಳೇ ಮಗಳು ಮದುವೆಯಾಗಿ ಗೋವಾದಲ್ಲಿದ್ದಾಳೆ. ಮೌಶಿ ಅವನಿಗೆ ನನ್ನ ವಿಷಯ ಹೇಳಿದ್ದಳು. ಹೆಣ್ಣು ನೋಡುವುದು ಎಂದರೆ ಅವಳು ಎದ್ದು ಹೋಗುತ್ತಾಳೆ, ಗಿರಾಕಿಯಾಗಿ ಹೋಗಿ ನೋಡು, ಮಾತಾಡು, ಮನಸ್ಸಿಗೆ ಬಂದರೆ ನೀನೇ ಕೇಳು ಎಂದು ಕಳಿಸಿದ್ದಳು. "ಎರಡ ಸಲ ಬಂದಿದ್ನಂತ. ಎರಡನೇ ಸಲ ಕೇಳಬೇಕಂತನ ಬಂದಿದ್ದ. ಮಂಚನೂ ಉದ್ದಂದು ಮಾಡಸ್ತೇನಿ ಅಂತಿದ್ದ, ಅವರು ಎತ್ತರ ಅದಾರ, ಸಾಲೂದಿಲ್ಲ ಅಂತ. ತಿರುಗಿ ಬಂದ ಹೇಳಿದ, ಭಾಳ ಶಾಣ್ಯಾ ಹೆಣ್ಣಮಗಳ್ರಿ, ನಾ ಬಾಯಿ ತಗಿಯೂಕಿಂತ ಮೊದಲ, ನನ್ನ ಮಾನ ಹೋಗದಂಗ, ಬ್ಯಾಡ ಅಂದ್ರು ಅಂತ. ನೀ ನನ್ನ ಆಟ ತಿಳಕೊಂಡಿ, ಸಿಟ್ಟಾಗೀದಿ ಅನಕೊಂಡೆ. ಅದಕ್ಕ ಬಾಯಿ ಮುಚಗೊಂಡ ಕುಂತಿದ್ದೆ."

ಉಗುರಿನ ಸಂದಿಯಲ್ಲಿದ್ದದ್ದು ಹಿಟ್ಟು. ಒಂದೊಂದಾಗಿ ನೆನಪಾಯಿತು. ಅಂಗಡಿಗೆ ಬರುವ ಹತ್ತು ವರ್ಷದವನಿಂದ ಎಪ್ಪತ್ತು ವರ್ಷದವನವರೆಗೆ ಎಲ್ಲ ಗಂಡಸರೂ ನನ್ನನ್ನು ಅಕ್ಕಾರ ಎನ್ನುತ್ತಾರೆ. ಅವರು ಎರಡು ಸಲ ಬಂದು ಅಷ್ಟು ಮಾತಾಡಿದರೂ ಒಮ್ಮೆಯೂ ಅಕ್ಕಾರ ಎನ್ನಲಿಲ್ಲ. ಬರೀ ರೀ ಹಚ್ಚುತ್ತಿದ್ದರು. ಅಷ್ಟು ದೊಡ್ಡ ಗುರುತನ್ನು ಬಿಟ್ಟು ನಾನು ಉಗುರು ನೋಡುತ್ತ ಕೂತಿದ್ದೆ. ಜೀವಮಾನದಲ್ಲಿ ಒಬ್ಬನೇ ಒಬ್ಬ ನನ್ನ ಎತ್ತರಕ್ಕೆ ಹೆದರದೆ ಅದನ್ನು ಸುತಳಿಯಲ್ಲಿ ಗಂಟು ಹಾಕಿಕೊಂಡು ಬಂದಿದ್ದ. ಅವನ ಕಾಲ ಬುಡಕ್ಕೆ ಇನ್ನೊಬ್ಬರು ಮಲಗಬಹುದು ಎಂದು ನಾನು ಚೇಷ್ಟೆ ಮಾಡಿದ್ದೆ.

"ಈಗ ಅವರು?" ಎಂದು ಕೇಳಿದೆ.

"ಅಳ್ನಾವರದಾಕಿ ಒಬ್ಬಾಕಿದು ಮಾತ ನಡದೈತಿ. ಅವ ಇನ್ನೂ ಹೂಂ ಅಂದಿಲ್ಲ."

ಮೂಲೆಯಲ್ಲಿ ಜೋಳದ ಡಬ್ಬಿ ಇತ್ತು. "ಬೀಸಿಕೊಂಡ ಬರ್ತೇನಿ," ಎಂದು ಎತ್ತಿಕೊಂಡೆ. ಮೌಶಿ ಹಿಟ್ಟು ಇನ್ನೂ ಇದೆ ಎಂದಳು, ಆಮೇಲೆ ಕಾಲು ಮಡಚಿಕೊಂಡು ದಾರಿ ಬಿಟ್ಟಳು. ಓಣಿಯ ತುದಿಯವರೆಗೆ ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತ ಹೋದೆ. ನಮ್ಮ ಮನ್ಯಾಗ ಯಾರೂ ಇಲ್ರಿ. ಮನಿಯವರು ಅಂದದ್ದು ನಮ್ಮವ್ವಗ. ಅಷ್ಟೇ, ಎರಡು ಸಾಲು. ದಿನಕ್ಕೆ ಸಾವಿರ ಮಾತಾಡುವವಳು ನಾನು. ಗಿರಾಕಿಯಾಗಿ ನೋಡಲು ಹೋಗುವವರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಅವತ್ತೇ ತಿಳಿದದ್ದು.

ಗಿರಣಿಯಲ್ಲಿ ಮುದುಕಿಯೊಬ್ಬಳು ತನ್ನ ಗೋಧಿಗಾಗಿ ಕಟ್ಟೆಯ ಮೇಲೆ ಕೂತಿದ್ದಳು. ಗಿರಣಿಯ ಹತ್ತಿರ ನಿಂತಿದ್ದ ಅವರು ಹಿಟ್ಟು ಮೆತ್ತಿ ಹುಬ್ಬಿನ ತನಕ ಬೆಳ್ಳಗಾಗಿದ್ದರು. ನನ್ನನ್ನು ಕಂಡು ಒಂದು ಕ್ಷಣ ನಿಂತರು, ಆಮೇಲೆ ಹೋಗಿ ಗಿರಣಿಯನ್ನೇ ಬಂದ್ ಮಾಡಿದರು. ಮುದುಕಿಯ ಗೋಧಿ ಅರ್ಧಕ್ಕೇ ನಿಂತಿತು. ಗಿರಾಕಿಯ ಜೊತೆ ಮಾತಾಡಲು ಯಾವ ಗಿರಣಿಯವನೂ ಗಿರಣಿ ನಿಲ್ಲಿಸುವುದಿಲ್ಲ.

"ಬರ್ರಿ. ಮೌಶಿಯವರ ಕಣ್ಣು ಹೆಂಗ ಅದಾವ್ರಿ?"

"ಆರಾಮ ಅದಾವ್ರಿ."

ಡಬ್ಬಿ ತೆಗೆದುಕೊಂಡರು. ಜೋಳವನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದರು. ನನ್ನ ಕಡೆ ನೋಡದೆ, ಬಹಳ ಮರ್ಯಾದೆಯಿಂದ, "ನಿಮ್ಮ ಮನಿಯವರ ಬೆನ್ನು ಈಗ ಹೆಂಗ ಐತ್ರಿ?" ಎಂದು ಕೇಳಿದರು.

ನನ್ನ ಮಾನ ಹೋಗದ ಹಾಗೆ ನನ್ನ ಸುಳ್ಳನ್ನು ಅವರು ಒಂದು ವರ್ಷ ಜೋಪಾನ ಮಾಡಿ ಇಟ್ಟಿದ್ದರು. ಈಗ ಅದನ್ನು ನನ್ನ ಮುಂದಿಟ್ಟು, ಬೇಕಾದರೆ ವಾಪಸು ತೆಗೆದುಕೊಳ್ಳಿ ಎನ್ನುವ ಹಾಗೆ ಕಾಯುತ್ತಿದ್ದರು. ನನಗೆ ಎಲ್ಲ ತಿಳಿಯಿತು. ಮುದುಕಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಬಾಯಿ ತೆರೆದೆ. ಅಷ್ಟು ವರ್ಷ ಪಳಗಿದ ನಾಲಿಗೆ ತಾನೇ ಮುಂದೆ ಹೋಯಿತು.

"ಆರಾಮ ಅದಾರ್ರಿ," ಎಂದೆ.

ಅವರು ತಲೆಯಾಡಿಸಿದರು. ಏನಾದರೂ ಹೇಳಬೇಕೆಂದು, "ಗಾದಿ ಆತೇನ್ರಿ?" ಎಂದೆ.

"ಇನ್ನೂ ಇಲ್ರಿ. ಅಳತಿ ಅದ ಐತಿ."

ಅದಕ್ಕೂ ನನ್ನ ಬಳಿ ಇದ್ದದ್ದು ಅಂಗಡಿಯ ಮಾತೇ. "ಬರ್ರಿ ಒಮ್ಮೆ, ಛಲೋ ಮಾಡಿಸಿ ಕೊಡೂಣು," ಎಂದೆ. ಹೇಳುವಾಗಲೇ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಅವರು ಹೋಗಿ ಗಿರಣಿ ಶುರು ಮಾಡಿದರು. ಸದ್ದಿನಲ್ಲಿ ಮಾತಾಡುವ ಪ್ರಶ್ನೆಯೇ ಇರಲಿಲ್ಲ. ಬಿಸಿ ಹಿಟ್ಟಿನ ಡಬ್ಬಿ ಕೈಗೆ ಕೊಟ್ಟಾಗ "ಬರ್ತೇನ್ರಿ" ಎಂದೆ. ಅದು ಯಾವ ಬರ್ತೇನಿ ಎಂದು ಅವರಿಗೆ ಗೊತ್ತಾಗಿರಬೇಕು, ಅವರೂ ದಿನಾ ಗಿರಾಕಿಗಳನ್ನು ನೋಡಿದವರೇ.

"ಆತ್ರಿ ಅಕ್ಕಾರ, ಬರ್ರಿ," ಎಂದರು.

ಆ ಹಿಟ್ಟಿನಲ್ಲಿ ಮೌಶಿಗೆ ರೊಟ್ಟಿ ಮಾಡಿಕೊಟ್ಟು ಸಂಜೆಯ ಬಸ್ಸಿಗೆ ಬೆಳಗಾವಿಗೆ ಬಂದೆ. ಮರುದಿನದಿಂದ ಅಂಗಡಿಯಲ್ಲಿ ಯಾರು ಕೇಳಿದರೂ ನಿಜ ಹೇಳುತ್ತೇನೆ. ಒಬ್ಬಾಕಿನ ಇರ್ತೇನ್ರಿ, ಹತ್ತಿ ಗಾದಿ ಮ್ಯಾಲ ಮಲಗ್ತೇನಿ ಎನ್ನುತ್ತೇನೆ. ವ್ಯಾಪಾರ ಒಂದಿಷ್ಟು ಕೆಡುತ್ತದೆ. ನಮ್ಮ ಮನಿಯವರಿಗೆ ಏನಾಯಿತು ಎಂದು ಮಾಲಕರು ಒಮ್ಮೆಯೂ ಕೇಳಿಲ್ಲ.

ಎರಡು ತಿಂಗಳ ಮೇಲೆ ಮೌಶಿ ಫೋನ್ ಮಾಡಿ, ಗಿರಣಿಯವನ ಮದುವೆ ಆಯಿತು, ಗುಡಿಯಲ್ಲಿ, ಹತ್ತು ಮಂದಿಯ ಮುಂದೆ ಎಂದಳು. ನಾನು ಒಂದೇ ಮಾತು ಕೇಳಿದೆ.

"ಆಕಿ ಎತ್ತರ ಎಷ್ಟ ಅದಾಳ?"

"ನನ್ನಷ್ಟ ಅದಾಳ. ಯಾಕ?"

"ಹಂಗಾದ್ರ ಆರಡಿ ಸಾಕು," ಎಂದೆ. ಮೌಶಿಗೆ ಅರ್ಥವಾಗಲಿಲ್ಲ.